ನಿಂತ ಕಾರು, ಓಡುವ ಕಾರು: ರಾಕೆಟ್ ಲೀಗ್ ಡಿಫೆನ್ಸ್ ಅಳೆಯಲು ಸಿಮ್ಯುಲೇಟರ್ ಕಟ್ಟಿದ ದಾಖಲೆ

ರಾಕೆಟ್ ಲೀಗ್ ಅಂದರೆ ಕಾರುಗಳು ಚೆಂಡನ್ನು ಗುದ್ದಿ ಗೋಲು ಹೊಡೆಯುವ ವಿಡಿಯೋ ಗೇಮ್. ಅದರ ಇಬ್ಬರಿಬ್ಬರ ಮ್ಯಾಚ್‌ಗಳಲ್ಲಿ ನಮ್ಮ ತಂಡಕ್ಕೆ ಪದೇ ಪದೇ ಒಂದೇ ಥರದ ಗೋಲು ಬೀಳುತ್ತಿತ್ತು. ಕೊನೆಯ ಡಿಫೆಂಡರ್ ದೂರದ ಪೋಸ್ಟ್ (ಹೊಡೆಯುವವರಿಂದ ದೂರ ಇರುವ ಗೋಲಿನ ಕಂಬ) ಹತ್ತಿರ 100 ಬೂಸ್ಟ್ (ವೇಗ ಏರಿಸುವ ಇಂಧನ, 100 ಅಂದರೆ ಟ್ಯಾಂಕ್ ಪೂರ್ತಿ) ತುಂಬಿಕೊಂಡು ನಿಂತಿರುತ್ತದೆ. ಎದುರಿನ ಕಾರು ಇನ್ನೊಂದು ಪೋಸ್ಟ್ ಕಡೆಗೆ ಹೊಡೆಯುತ್ತದೆ. ನಮ್ಮ ಕಾರು ಹೊರಡುತ್ತದೆ, ಬೂಸ್ಟ್ ಸುರಿಯುತ್ತದೆ, ಕೂದಲೆಳೆಯಷ್ಟರಲ್ಲಿ ಚೆಂಡು ತಪ್ಪುತ್ತದೆ. ಬೂಸ್ಟ್ ಇತ್ತು, ಕಣ್ಣು ಚೆಂಡಿನ ಮೇಲೇ ಇತ್ತು, ಆದರೂ ತಡ. ರೀಪ್ಲೇ ನೋಡಿ ನೋಡಿ ವಾದ ಮಾಡುವುದಕ್ಕಿಂತ ಲೆಕ್ಕ ಹಾಕಿ ನೋಡೋಣ ಅನ್ನಿಸಿತು. ಆಟದ ಭೌತಶಾಸ್ತ್ರವನ್ನು ನನಗೆ ಬೇಕಾದಷ್ಟು ಮಟ್ಟಿಗೆ ಪೈಥಾನ್‌ನಲ್ಲಿ ಕಟ್ಟಿದೆ. ಅದರ ಹಂತಗಳು, ಕೈಕೊಟ್ಟ ದಾರಿಗಳು, ಬಂದ ಅಂಕಿಗಳು ಎಲ್ಲ ಇಲ್ಲಿವೆ.

ಬಳಸಿದ್ದು: ಪೈಥಾನ್ 3, ನಮ್‌ಪೈ, ಗ್ರಾಫ್ ಬಿಡಿಸಲು ಮ್ಯಾಟ್‌ಪ್ಲಾಟ್‌ಲಿಬ್, ಒಂದು ಸಾಧಾರಣ ಲ್ಯಾಪ್‌ಟಾಪ್. ಆಟದೊಳಗೆ ಅಳೆಯಲು ಆರ್‌ಎಲ್‌ಬಾಟ್. ಇದು ಬಾಟ್, ಅಂದರೆ ತಾನೇ ಆಟ ಆಡುವ ಪ್ರೋಗ್ರಾಮ್, ಬರೆಯುವವರಿಗಾಗಿ ಇರುವ ಚೌಕಟ್ಟು. ಆಫ್‌ಲೈನ್ ಮ್ಯಾಚ್‌ನಲ್ಲಿ ಕಾರು ಮತ್ತು ಚೆಂಡು ಎಲ್ಲಿವೆ, ಎಷ್ಟು ವೇಗದಲ್ಲಿವೆ ಅಂತ ಓದಿ ಕೊಡುತ್ತದೆ. ಬೇಕಾದ ಜಾಗಕ್ಕೆ ಅವನ್ನು ತಂದು ಇಡಲೂಬಹುದು. ಈ ಸೌಲಭ್ಯ ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ಹಂತ 1: ಅಂಕಿಗಳನ್ನು ಒಟ್ಟು ಮಾಡಿದ್ದು

ರಾಕೆಟ್ ಲೀಗ್ 2015ರ ಜುಲೈ 7ರಂದು ಬಂತು. ಆಮೇಲೆ ಬಾಟ್ ಬರೆಯುವವರು ಅದರ ಒಳಗಿನ ಎಷ್ಟೋ ಸಂಖ್ಯೆಗಳನ್ನು ಅಳೆದು ಅಳೆದು ಹೊರತೆಗೆದಿದ್ದಾರೆ. 2018ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಆಟವನ್ನು ಮಾಡಿದ ಕಂಪನಿ ಸೈಯೋನಿಕ್ಸ್‌ನ ಜೇರೆಡ್ ಕೋನ್ ಆಟದ ಭೌತಶಾಸ್ತ್ರದ ಬಗ್ಗೆಯೇ ಒಂದು ಪೂರ್ತಿ ಉಪನ್ಯಾಸ ಕೊಟ್ಟರು. ಆಟ ಅನ್‌ರಿಯಲ್ ಎಂಜಿನ್ 3ರ ಮೇಲೆ ನಿಂತಿದೆ, ಆದರೆ ಭೌತಶಾಸ್ತ್ರಕ್ಕೆ ಬುಲೆಟ್ ಅನ್ನೋ ಎಂಜಿನ್ ಬಳಸುತ್ತದೆ. ಲೆಕ್ಕ ಸೆಕೆಂಡಿಗೆ 120 ಸಲ ನಡೆಯುತ್ತದೆ. ಈ ಒಂದೊಂದು ಸಲಕ್ಕೆ ಟಿಕ್ ಅನ್ನುತ್ತಾರೆ.

ಉದ್ದದ ಅಳತೆ ಯೂನಿಟ್. ಒಂದು ಯೂನಿಟ್ ಅಂದರೆ ಒಂದು ಸೆಂಟಿಮೀಟರ್. ನನಗೆ ಬೇಕಾಗಿದ್ದು ಇಷ್ಟು:

ಮೈದಾನ: ಪಕ್ಕದ ಗೋಡೆಗಳು ನಡುವಿನಿಂದ 4096 ಯೂನಿಟ್, ಗೋಲಿನ ಕಡೆಯ ಗೋಡೆ 5120, ಚಾವಣಿ 2044. ಗೋಲಿನ ಎತ್ತರ 643, ನಡುವಿನಿಂದ ಒಂದು ಪೋಸ್ಟ್‌ಗೆ 893. ಅಂದರೆ ಗೋಲಿನ ಅಗಲ 1786.

ಚೆಂಡು: ತ್ರಿಜ್ಯ ಸುಮಾರು 91, ಗರಿಷ್ಠ ವೇಗ ಸೆಕೆಂಡಿಗೆ 6000. ಪುಟಿದಾಗ ಬಿದ್ದ ವೇಗದ 0.6 ಪಾಲು ಉಳಿಯುತ್ತದೆ. ಗಾಳಿಯ ತಡೆಗೆ ಸೆಕೆಂಡಿಗೆ ನೂರಕ್ಕೆ ಮೂರರಷ್ಟು ವೇಗ ಹೋಗುತ್ತದೆ.

ಕಾರು: ಬೂಸ್ಟ್ ಇಲ್ಲದೆ ಗರಿಷ್ಠ 1410, ಬೂಸ್ಟ್ ಇದ್ದರೆ 2300. ಗುರುತ್ವ 650.

ಈ ಗುರುತ್ವವನ್ನು ಮೀಟರಿಗೆ ಬದಲಾಯಿಸಿದರೆ 6.5 ಆಗುತ್ತದೆ. ಭೂಮಿಯದ್ದು 9.8. ಚೆಂಡು ಮೇಲೇ ತೇಲಾಡಿದಂತೆ ಕಾಣುವುದಕ್ಕೆ ಇದೇ ಕಾರಣ.

ಹಂತ 2: ಬರೀ ಚೆಂಡು

ಕಾರು ಇಲ್ಲದೆ ಚೆಂಡನ್ನು ಮಾತ್ರ ಬೀಳಿಸಿದೆ. ನಡುಬಿಂದು 1000 ಯೂನಿಟ್ ಎತ್ತರದಲ್ಲಿದ್ದರೆ ಚೆಂಡು 909 ಯೂನಿಟ್ ಕೆಳಗೆ ಬಿದ್ದು ನೆಲ ಮುಟ್ಟುತ್ತದೆ. ವೇಗದ 0.6 ಉಳಿದರೆ ಎತ್ತರದ 0.36 ಉಳಿಯಬೇಕು, ಅಂದರೆ ಸುಮಾರು 327. ಗಾಳಿಯ ತಡೆ ಸೇರಿಸಿದರೆ ಇನ್ನೂ ಸ್ವಲ್ಪ ಕಮ್ಮಿ.

ಮೊದಲ ಓಟದಲ್ಲಿ ಚೆಂಡು ಇಷ್ಟು ಎತ್ತರ ಪುಟಿಯಲಿಲ್ಲ. ಕೆಲವು ಸಲ ಗೋಡೆಯ ಆಚೆಗೇ ಹೋಗಿಬಿಟ್ಟಿತು. ಎರಡಕ್ಕೂ ಬೇರೆ ಬೇರೆ ಕಾರಣ ಇತ್ತು.

ಗೋಡೆ ದಾಟಿದ್ದು ಟಿಕ್‌ನಿಂದ. ಸಿಮ್ಯುಲೇಟರ್ ಬೇಗ ಓಡಲಿ ಅಂತ ಸೆಕೆಂಡಿಗೆ 60 ಟಿಕ್ ಇಟ್ಟಿದ್ದೆ. 6000 ವೇಗದ ಚೆಂಡು ಆಗ ಒಂದು ಟಿಕ್‌ಗೆ 100 ಯೂನಿಟ್ ಹಾರುತ್ತದೆ. ಅದರ ತ್ರಿಜ್ಯವೇ 91. ಹಾಗಾಗಿ ಈ ಟಿಕ್‌ನಲ್ಲಿ ಗೋಡೆಯ ಈಚೆ, ಮುಂದಿನ ಟಿಕ್‌ನಲ್ಲಿ ನಡುಬಿಂದುವೇ ಆಚೆ. 120ಕ್ಕೆ ಏರಿಸಿದ ಮೇಲೆ ಟಿಕ್‌ಗೆ 50 ಯೂನಿಟ್ ಆಯಿತು, ಚೆಂಡು ಒಳಗೇ ಉಳಿಯಿತು.

ಎತ್ತರ ಪುಟಿಯದಿದ್ದದ್ದು ಬೇರೆ ವಿಷಯ. ಚೆಂಡು ನೆಲದೊಳಗೆ ಸ್ವಲ್ಪ ಹೂತ ಮೇಲೆ ವೇಗ ತಿರುಗಿಸುತ್ತಿದ್ದೆ, ಆದರೆ ಹೂತ ಜಾಗದಿಂದ ಮೇಲಕ್ಕೆ ಎತ್ತುತ್ತಿರಲಿಲ್ಲ. ಮುಂದಿನ ಟಿಕ್‌ನಲ್ಲೂ ಅದು ನೆಲದೊಳಗೇ ಇದೆ ಅಂತ ಗೊತ್ತಾಗಿ ವೇಗ ಮತ್ತೊಮ್ಮೆ ತಿರುಗುತ್ತಿತ್ತು. ಪರಿಹಾರ ಎರಡು ಸಾಲು: ವೇಗ ಗೋಡೆಯ ಕಡೆಗೆ ಇದ್ದರೆ ಮಾತ್ರ ತಿರುಗಿಸು, ಹೂತಷ್ಟು ದೂರ ಹೊರಗೆ ತಳ್ಳು.

ಗೋಡೆಯ ಬುಡದಲ್ಲಿ ಮೈದಾನ ಬಾಗಿ ಮೇಲೇರುತ್ತದಲ್ಲ, ಆ ಬಾಗನ್ನು ನಾನು ಕಟ್ಟಲಿಲ್ಲ. ನನ್ನ ಚೆಂಡು ಗೋಡೆಗೆ ಉರುಳಿದರೆ ಮೇಲೆ ಹತ್ತುವುದಿಲ್ಲ, ನೇರ ವಾಪಸ್ ಬರುತ್ತದೆ. ಗೋಲಿನ ಬಾಯಿಗೆ ನೇರ ಬರುವ ಹೊಡೆತ ಅಳೆಯಲು ಅದು ಬೇಕಿಲ್ಲ. ಇಂಥ ಕೆಲಸದಲ್ಲಿ ಏನನ್ನು ಬಿಡಬೇಕು ಅಂತ ಮೊದಲೇ ತೀರ್ಮಾನ ಮಾಡದಿದ್ದರೆ ಕೆಲಸ ಮುಗಿಯುವುದೇ ಇಲ್ಲ.

ಹಂತ 3: ಕಾರು, ನೇರ ದಾರಿ

ಆ್ಯಕ್ಸಿಲರೇಟರ್ ಒತ್ತಿದಾಗ ಸಿಗುವ ಎಳೆತ (ಸೆಕೆಂಡಿಗೆ ಎಷ್ಟು ವೇಗ ಏರುತ್ತದೆ ಅನ್ನುವುದು) ಎಲ್ಲ ವೇಗದಲ್ಲೂ ಒಂದೇ ಇರುವುದಿಲ್ಲ. ನಿಂತಾಗ 1600. ವೇಗ ಏರಿದಂತೆ ನೇರ ರೇಖೆಯಲ್ಲಿ ಇಳಿದು 1400ರ ಹತ್ತಿರ 160 ಆಗುತ್ತದೆ, 1410ಕ್ಕೆ ಸೊನ್ನೆ. ಬೂಸ್ಟ್ ಒತ್ತಿದರೆ ಇದರ ಜೊತೆಗೆ 992 ಸೇರುತ್ತದೆ. ಬೂಸ್ಟ್ ಖರ್ಚು ಸೆಕೆಂಡಿಗೆ 33.3, ಅಂದರೆ ಪೂರ್ತಿ ಟ್ಯಾಂಕ್ ಮೂರು ಸೆಕೆಂಡಿಗೆ ಖಾಲಿ.

ಇಷ್ಟನ್ನು ಬರೆದು ಓಡಿಸಿದಾಗ ಬಂದದ್ದು:

ಬೂಸ್ಟ್ ಇಲ್ಲದೆ ನಿಂತಲ್ಲಿಂದ 1400 ವೇಗಕ್ಕೆ 2.24 ಸೆಕೆಂಡು. ಅಷ್ಟರಲ್ಲಿ 2120 ಯೂನಿಟ್ ಹೋಗಿರುತ್ತದೆ.

ಬೂಸ್ಟ್ ಒತ್ತಿ ನಿಂತಲ್ಲಿಂದ 2300 ವೇಗಕ್ಕೆ 1.7 ಸೆಕೆಂಡು. ಖರ್ಚು 56 ಬೂಸ್ಟ್.

ಆಗಲೇ 1410ರಲ್ಲಿ ಓಡುತ್ತಿದ್ದರೆ 2300 ಮುಟ್ಟಲು 0.9 ಸೆಕೆಂಡು. ಖರ್ಚು 30 ಬೂಸ್ಟ್.

ಕೊನೆಯ ಸಾಲನ್ನು ನೋಡಿ. ಟ್ಯಾಂಕ್‌ನ ಮೂರನೇ ಒಂದು ಪಾಲಿಗಿಂತ ಕಮ್ಮಿ ಬೂಸ್ಟ್‌ನಲ್ಲಿ ಗರಿಷ್ಠ ವೇಗ ಸಿಕ್ಕಿತು. ಅಲ್ಲಿಂದ ಮುಂದೆ ನೆಲದ ಮೇಲೆ ಬೂಸ್ಟ್ ಒತ್ತಿದರೆ ಎಲ್ಲ ಸುಮ್ನೆ ವೇಸ್ಟ್. ಆ್ಯಕ್ಸಿಲರೇಟರ್ ಒತ್ತಿ ಹಿಡಿದಿದ್ದರೆ ಸಾಕು, ನೇರ ಹೋಗುವಾಗ 2300 ಹಾಗೇ ಉಳಿಯುತ್ತದೆ. ಬೆರಳು ತೆಗೆದರೆ ಸೆಕೆಂಡಿಗೆ 525ರಂತೆ ವೇಗ ಇಳಿಯುತ್ತದೆ. ಎಷ್ಟೋ ಜನ ತಿರುಗುವ ಮುಂಚೆ ಬೆರಳು ಎತ್ತುತ್ತಾರೆ, ಆಮೇಲೆ ಹೋದ ವೇಗವನ್ನು ಬೂಸ್ಟ್ ಹಾಕಿ ತುಂಬುತ್ತಾರೆ.

ಬ್ರೇಕ್ ಬಲ 3500. 1410ರಲ್ಲಿ ಓಡುತ್ತಿರುವ ಕಾರು 0.4 ಸೆಕೆಂಡಿನಲ್ಲಿ, 284 ಯೂನಿಟ್ ಒಳಗೆ ನಿಲ್ಲುತ್ತದೆ. ವೇಗ ಗಳಿಸಲು 2.24 ಸೆಕೆಂಡು, ಕಳೆಯಲು 0.4. ಈ ಎರಡು ಸಂಖ್ಯೆ ಪಕ್ಕಪಕ್ಕ ಬಂದಾಗಲೇ ನನ್ನ ಪ್ರಶ್ನೆಗೆ ಉತ್ತರ ಯಾವ ಕಡೆ ಇದೆ ಅಂತ ಕಾಣತೊಡಗಿತು.

ಆರ್‌ಎಲ್‌ಬಾಟ್‌ನಲ್ಲಿ ಕಾರನ್ನು ಗೋಲಿನ ಗೆರೆಯ ಮೇಲಿಟ್ಟು ನೇರ ಓಡಿಸಿ ಹೋಲಿಸಿದೆ. ಗ್ರಾಫ್‌ನಲ್ಲಿ ಆಟದ ಗೆರೆ, ಸಿಮ್ಯುಲೇಟರ್‌ನ ಗೆರೆ ಒಂದರ ಮೇಲೊಂದು ಕೂತವು.

ಹಂತ 4: ತಿರುವು

ಇಲ್ಲಿ ಹೆಚ್ಚು ಕೆಲಸ ಇರಲಿಲ್ಲ. ಯಾವ ವೇಗಕ್ಕೆ ಎಷ್ಟು ಬಾಗು ಅನ್ನೋ ಪಟ್ಟಿ ಇದೆ, ನಡುವಿನ ವೇಗಗಳಿಗೆ ರೇಖೆ ಎಳೆದುಕೊಂಡರೆ ಆಯಿತು. ತ್ರಿಜ್ಯದಲ್ಲಿ ಹೇಳುವುದಾದರೆ: ನಿಧಾನವಾಗಿ ತೆವಳುವಾಗ 145, 1000 ವೇಗದಲ್ಲಿ 425, 1410ರಲ್ಲಿ ಸುಮಾರು 645, 2300ರಲ್ಲಿ 1136.

1136 ತ್ರಿಜ್ಯ ಅಂದರೆ ವೃತ್ತದ ಅಗಲ 2272. ಗೋಲಿನ ಅಗಲ 1786. ಪೂರ್ತಿ ವೇಗದಲ್ಲಿ ಬಂದ ಕಾರು ಸ್ಟಿಯರಿಂಗ್ ಒಂದರಿಂದಲೇ ಗೋಲಿನ ಮುಂದೆ ಯೂ-ಟರ್ನ್ ಹೊಡೆಯಲು ಹೋದರೆ ಗೋಲಿಗಿಂತ ಅಗಲವಾದ ಜಾಗ ಬೇಕು. 1410ರಲ್ಲಿ ಅರ್ಧ ಸುತ್ತು ತಿರುಗಲು 1.4 ಸೆಕೆಂಡು. ಪವರ್‌ಸ್ಲೈಡ್ (ಹ್ಯಾಂಡ್‌ಬ್ರೇಕ್ ಒತ್ತಿ ಜಾರುತ್ತಾ ತಿರುಗುವುದು) ಸೇರಿಸಿದರೆ ಇದು ಕಮ್ಮಿ ಆಗುತ್ತದೆ. ಆ ಭಾಗ ಕೊನೆಯಲ್ಲಿ ಬರುತ್ತದೆ, ಅದಿನ್ನೂ ಮುಗಿದಿಲ್ಲ.

ಹಂತ 5: ಜಿಗಿತ

ಜಿಗಿದ ತಕ್ಷಣ 292 ವೇಗ ಸಿಗುತ್ತದೆ. ಬಟನ್ ಹಿಡಿದೇ ಇದ್ದರೆ 0.2 ಸೆಕೆಂಡಿನವರೆಗೆ, ಅಂದರೆ 24 ಟಿಕ್, ಇನ್ನೂ 1458ರ ತಳ್ಳು. ಎರಡನೇ ಜಿಗಿತ ಮತ್ತೆ 292. ಒಂದೇ ಜಿಗಿತದಲ್ಲಿ ಕಾರು 232 ಯೂನಿಟ್ ಏರುತ್ತದೆ, ತುದಿ ಮುಟ್ಟಲು 0.9 ಸೆಕೆಂಡು. ಮೊದಲನೆಯದನ್ನು ಪೂರ್ತಿ ಹಿಡಿದು ಕೂಡಲೇ ಎರಡನೆಯದು ಒತ್ತಿದರೆ ಏರಿಕೆ ಸುಮಾರು 500.

ಗೋಲಿನ ಮೇಲಿನ ಮೂಲೆಗೆ ಬರುವ ಚೆಂಡಿನ ನಡುಬಿಂದು 551ರ ಹತ್ತಿರ ಇರುತ್ತದೆ. ಆಕ್ಟೇನ್ ಅನ್ನೋ ಕಾರಿನ ಹಿಟ್‌ಬಾಕ್ಸ್‌ನ (ಡಿಕ್ಕಿಯ ಲೆಕ್ಕಕ್ಕೆ ಆಟ ಬಳಸುವ ಪೆಟ್ಟಿಗೆ) ನೆತ್ತಿ ಅದರ ಅಡಿಯನ್ನು ಮುಟ್ಟಬೇಕಾದರೆ ಕಾರು ಸುಮಾರು 404 ಯೂನಿಟ್ ಏರಬೇಕು. ಒಂಟಿ ಜಿಗಿತದಲ್ಲಿ ಆಗದ ಮಾತು. ಜೋಡಿ ಜಿಗಿತದಲ್ಲಿ 0.8 ಸೆಕೆಂಡು ಸಾಕು, ಬೂಸ್ಟ್ ಒಂದು ಹನಿಯೂ ಬೇಡ. ಎರಡನೇ ಸಲ ಒತ್ತುವಾಗ ಸ್ಟಿಕ್ ನಡುವಿನಲ್ಲೇ ಇರಬೇಕು. ಜಾಸ್ತಿ ವಾಲಿದರೆ ಅದು ಫ್ಲಿಪ್ ಆಗುತ್ತದೆ, ಕಾರು ಏರುವ ಬದಲು ಉರುಳುತ್ತದೆ. ಮೇಲಿನ ಮೂಲೆಯ ಸೇವ್‌ಗಳು ಈ ವಾಲಿದ ಸ್ಟಿಕ್‌ನಿಂದಲೂ ತಪ್ಪುತ್ತವೆ.

ಹಂತ 6: ಹೊಡೆತ

ಅತಿ ಹೆಚ್ಚು ಹೊತ್ತು ತಿಂದಿದ್ದು ಇದು, ಅತಿ ಹೆಚ್ಚು ಖುಷಿ ಕೊಟ್ಟಿದ್ದೂ ಇದೇ.

ಡಿಫೆಂಡರ್‌ಗೆ ಎಷ್ಟು ಸಮಯ ಇದೆ ಅಂತ ಗೊತ್ತಾಗಲು ಹೊಡೆತದ ವೇಗ ಗೊತ್ತಿರಬೇಕು. ಕಾರಿನ ತೂಕ 180, ಚೆಂಡಿನದು 30. 2300ರಲ್ಲಿ ಬಂದ ಕಾರು ನಿಂತ ಚೆಂಡಿಗೆ ಮುಖಾಮುಖಿ ಗುದ್ದಿತು ಅಂತ ಇಟ್ಟುಕೊಂಡು, ಪುಟಿತ ಇಲ್ಲದ ಡಿಕ್ಕಿಯ ಲೆಕ್ಕ ಹಾಕಿದರೆ ಚೆಂಡಿಗೆ 1971 ಸಿಗುತ್ತದೆ. ಅಂದರೆ ಚೆಂಡು ಕಾರಿನ ಮೂತಿಗೆ ಅಂಟಿಕೊಂಡಂತೆ ಹೋಗುತ್ತದೆ. ಆಟದಲ್ಲಿ ಹಾಗೆ ಆಗುವುದೇ ಇಲ್ಲ, ಚೆಂಡು ಸಿಡಿದು ಮುಂದೆ ಓಡುತ್ತದೆ.

ಬುಲೆಟ್ ಕೊಡುವ ಡಿಕ್ಕಿಯ ಮೇಲೆ ಸೈಯೋನಿಕ್ಸ್ ತನ್ನದೇ ಇನ್ನೊಂದು ತಳ್ಳನ್ನು ಸೇರಿಸುತ್ತದೆ. ಆಟಕ್ಕೆ ಅದರ ರುಚಿ ಬಂದಿರುವುದೇ ಇದರಿಂದ ಅಂತ ನನ್ನ ನಂಬಿಕೆ. ಇದರ ಲೆಕ್ಕ ಹೀಗೆ. ಕಾರಿನಿಂದ ಚೆಂಡಿನ ಕಡೆಗೆ ಒಂದು ಗೆರೆ ಎಳೆಯಿರಿ. ಅದರ ಎತ್ತರದ ಭಾಗವನ್ನು 0.35ಕ್ಕೆ ಇಳಿಸಿ. ಕಾರು ನೋಡುತ್ತಿರುವ ದಿಕ್ಕಿನ ಭಾಗವನ್ನು 0.65ಕ್ಕೆ ಇಳಿಸಿ. ಉಳಿದ ದಿಕ್ಕಿನಲ್ಲಿ ಚೆಂಡನ್ನು ತಳ್ಳಿ. ಎಷ್ಟು ತಳ್ಳಬೇಕು ಅನ್ನುವುದು ಕಾರು ಮತ್ತು ಚೆಂಡಿನ ನಡುವಿನ ವೇಗದ ಅಂತರವನ್ನು ಒಂದು ಗುಣಕದಿಂದ ಗುಣಿಸಿದಷ್ಟು. ಅಂತರ 500ರವರೆಗೆ ಗುಣಕ 0.65, 2300ಕ್ಕೆ 0.55, 4600ಕ್ಕೆ 0.30.

ಮೊದಲ ಪ್ರಯತ್ನ: ಚೆಂಡು ಬಂದೂಕಿನ ಗುಂಡಿನಂತೆ ಹಾರಿ 6000ದ ಮಿತಿಗೆ ಬಡಿಯಿತು. ಕಾರು ಮತ್ತು ಚೆಂಡು ಒಂದಕ್ಕೊಂದು ತಾಗಿರುವ ಪ್ರತಿ ಟಿಕ್‌ನಲ್ಲೂ ಈ ಹೆಚ್ಚುವರಿ ತಳ್ಳು ಸೇರುತ್ತಿತ್ತು. ಹಿಂದಿನ ಟಿಕ್‌ನಲ್ಲಿ ಆಗಲೇ ಕೊಟ್ಟಿದ್ದರೆ ಈಗ ಕೊಡಬೇಡ ಅನ್ನೋ ಒಂದು ಸಾಲು ಹಾಕಿದ ಮೇಲೆ ಸರಿಹೋಯಿತು.

ಎರಡನೇ ಪ್ರಯತ್ನ: ವೇಗ ಸರಿ ಬಂತು, ಎತ್ತರ ಬರಲಿಲ್ಲ. ಗೆರೆಯನ್ನು ಹಿಟ್‌ಬಾಕ್ಸ್‌ನ ನಡುವಿನಿಂದ ಎಳೆಯುತ್ತಿದ್ದೆ. ಆಕ್ಟೇನ್‌ನ ಹಿಟ್‌ಬಾಕ್ಸ್ 118 ಉದ್ದ, 84 ಅಗಲ, 36 ಎತ್ತರ. ಅದರ ನಡುಬಿಂದು ಕಾರಿನ ನಡುಬಿಂದುವಿಗಿಂತ ಸುಮಾರು 14 ಯೂನಿಟ್ ಮುಂದೆ, 21 ಯೂನಿಟ್ ಮೇಲೆ ಇದೆ. ಗೆರೆ ಹೊರಡಬೇಕಾದ್ದು ಕಾರಿನ ನಡುಬಿಂದುವಿನಿಂದ. ಅದನ್ನು ಬದಲಾಯಿಸಿದ ಮೇಲೆ ಆಟದ ಹೊಡೆತಕ್ಕೆ ಹತ್ತಿರ ಬಂತು.

ಇನ್ನು ಬಂದ ಅಂಕಿಗಳು. ನಿಂತ ಚೆಂಡಿಗೆ 2300ರಲ್ಲಿ ಮುಖಾಮುಖಿ: ಡಿಕ್ಕಿಯಿಂದ 1971, ತಳ್ಳಿನಿಂದ 1265, ಎರಡೂ ಒಂದೇ ದಿಕ್ಕಿನಲ್ಲಿವೆ ಅಂದುಕೊಂಡರೆ ಒಟ್ಟು 3236. ಗಂಟೆಗೆ 116 ಕಿಲೋಮೀಟರ್. ನೆಲದ ಮೇಲಿರುವ ಚೆಂಡಿನ ನಡುಬಿಂದು ಕಾರಿಗಿಂತ 76 ಯೂನಿಟ್ ಮೇಲಿರುತ್ತದೆ, ತಾಗುವ ಗಳಿಗೆಯಲ್ಲಿ 156 ಯೂನಿಟ್ ಮುಂದಿರುತ್ತದೆ. ನೇರ ಗೆರೆ ಎಳೆದರೆ 26 ಡಿಗ್ರಿ ಮೇಲ್ಮುಖ. ಇಳಿಸಿದ ಮೇಲೆ ತಳ್ಳು ಹೋಗುವುದು 15 ಡಿಗ್ರಿಗೆ. ಈ ಇಳಿಕೆ ಇಲ್ಲದಿದ್ದರೆ ಜೋರಾಗಿ ಹೊಡೆದ ಎಷ್ಟೋ ಚೆಂಡುಗಳು ಗೋಲಿನ ಮೇಲಿಂದಲೇ ಹೋಗುತ್ತಿದ್ದವು.

ಮೂತಿಯ ಮೂಲೆಯಿಂದ ಹೊಡೆದರೆ ಏನಾಗುತ್ತದೆ ಅಂತಲೂ ನೋಡಿದೆ. ಚೆಂಡು ಕಾರಿನ ದಿಕ್ಕಿಗೆ 37 ಡಿಗ್ರಿ ಪಕ್ಕದಲ್ಲಿದ್ದರೆ ತಳ್ಳು ಹೋಗುವುದು 49 ಡಿಗ್ರಿಗೆ. ಮುಂದಿನ ಭಾಗವನ್ನು ಕತ್ತರಿಸಿದ್ದರಿಂದ ಪಕ್ಕದ ಭಾಗ ದೊಡ್ಡದಾಗುತ್ತದೆ. ಆಟಗಾರರು ತಾವು ಗುರಿ ಇಟ್ಟದ್ದಕ್ಕಿಂತ ಚೆಂಡು ಜಾಸ್ತಿ ಅಡ್ಡ ಹೋಯಿತು ಅಂತ ಗೊಣಗುವುದು ಇದಕ್ಕೇ. ಚೆಂಡಿನ ಎಲ್ಲಿಗೆ ತಾಗುತ್ತೀರಿ ಅನ್ನುವುದು ಕಾರು ಯಾವ ಕಡೆ ನೋಡುತ್ತಿದೆ ಅನ್ನುವುದಕ್ಕಿಂತ ದೊಡ್ಡ ವಿಷಯ.

ಗುಣಕದ ಪಟ್ಟಿಯಲ್ಲಿ ಇನ್ನೊಂದು ಗುಟ್ಟು ಇದೆ. ವೇಗದ ಅಂತರ 2300 ಇದ್ದಾಗ ತಳ್ಳು 1265. ಚೆಂಡು ಎದುರಿನಿಂದ 2300ರಲ್ಲಿ ಬರುತ್ತಿದ್ದು, ಅಂತರ 4600 ಆದಾಗ ತಳ್ಳು 1380. ದುಪ್ಪಟ್ಟು ಅಂತರಕ್ಕೆ ನೂರಕ್ಕೆ ಒಂಬತ್ತರಷ್ಟೇ ಹೆಚ್ಚು. ನಡುವಿನಲ್ಲಿ, 3680ರ ಹತ್ತಿರ, ಅದು 1472ಕ್ಕೆ ಏರಿ ಮತ್ತೆ ಇಳಿಯುತ್ತದೆ. ಗ್ರಾಫ್ ಬಿಡಿಸಿದಾಗ ಆ ಗುಡ್ಡ ಕಂಡು ಕೋಡ್‌ನಲ್ಲಿ ಏನೋ ಕೆಟ್ಟಿದೆ ಅಂದುಕೊಂಡು ಹುಡುಕಾಡಿದೆ. ಕೆಟ್ಟಿರಲಿಲ್ಲ, ಪಟ್ಟಿಯೇ ಹಾಗಿದೆ. ಎದುರಾಳಿಯ ಹೊಡೆತಕ್ಕೆ ಪೂರ್ತಿ ವೇಗದಲ್ಲಿ ಎದುರು ನುಗ್ಗಿದರೆ ಚೆಂಡು ದುಪ್ಪಟ್ಟು ವೇಗದಲ್ಲಿ ವಾಪಸ್ ಹೋಗುತ್ತದೆ ಅನ್ನೋ ಲೆಕ್ಕಾಚಾರಕ್ಕೆ ಇಲ್ಲಿ ಆಧಾರ ಇಲ್ಲ. ಸೇವ್ ಮಾಡಲು ಸರಿಯಾದ ಜಾಗದಲ್ಲಿ ತಾಗಿದರೆ ಸಾಕು.

ಹಂತ 7: ಡಿಫೆಂಡರ್‌ನ ಲೆಕ್ಕ

ಈಗ ಮೊದಲಿನ ಪ್ರಶ್ನೆ. ಎದುರಾಳಿ ಗೋಲಿನಿಂದ 4000 ಯೂನಿಟ್ ದೂರದಿಂದ 3236 ವೇಗದಲ್ಲಿ ನೆಲಕ್ಕೆ ಹತ್ತಿರವಾಗಿ ಹೊಡೆಯುತ್ತದೆ. ಗಾಳಿಯ ತಡೆ ಸೇರಿಸಿ ಚೆಂಡು ಗೆರೆಗೆ ಬರಲು 1.26 ಸೆಕೆಂಡು. ನಮ್ಮ ಡಿಫೆಂಡರ್ ದೂರದ ಪೋಸ್ಟ್ ಹತ್ತಿರ, ಗೋಲಿನ ಗೆರೆಗೆ ಉದ್ದಕ್ಕೂ ಮುಖ ಮಾಡಿದೆ. ಚೆಂಡು ಹತ್ತಿರದ ಪೋಸ್ಟ್‌ನ ಒಳಕ್ಕೇ ಬರುತ್ತಿದೆ. ಚೆಂಡಿನ ದಪ್ಪ, ಕಾರಿನ ಮೂತಿ ಎಲ್ಲ ಕಳೆದರೆ ಕಾರು ಕ್ರಮಿಸಬೇಕಾದ ದೂರ 1537 ಯೂನಿಟ್. ಬಂದ ಸಮಯಗಳು:

ನಿಂತ ಕಾರು, ಬೂಸ್ಟ್ ಇಲ್ಲ: 1.81 ಸೆಕೆಂಡು. ಗೋಲು.

ನಿಂತ ಕಾರು, 100 ಬೂಸ್ಟ್: 1.33 ಸೆಕೆಂಡು, ಖರ್ಚು 44. ಗೋಲು, 0.07 ಸೆಕೆಂಡು ತಡ.

700ರಲ್ಲಿ ಓಡುತ್ತಿರುವ ಕಾರು, ಬೂಸ್ಟ್ ಇಲ್ಲ: 1.40 ಸೆಕೆಂಡು. ಗೋಲು.

700ರಲ್ಲಿ ಓಡುತ್ತಿರುವ ಕಾರು, ಬೂಸ್ಟ್ ಇದೆ: 1.08 ಸೆಕೆಂಡು, ಖರ್ಚು 36. ಸೇವ್.

1410ರಲ್ಲಿ ಓಡುತ್ತಿರುವ ಕಾರು, ಬೂಸ್ಟ್ ಸೊನ್ನೆ: 1.09 ಸೆಕೆಂಡು. ಸೇವ್, 0.17 ಸೆಕೆಂಡು ಉಳಿತಾಯ.

ಎರಡನೇ ಸಾಲು ಮತ್ತು ಕೊನೆಯ ಸಾಲನ್ನು ಒಟ್ಟಿಗೆ ಓದಿ. ಟ್ಯಾಂಕ್ ತುಂಬಿ ನಿಂತ ಕಾರು ಸೋಲುತ್ತದೆ. ಟ್ಯಾಂಕ್ ಖಾಲಿ ಇದ್ದು ಓಡುತ್ತಿರುವ ಕಾರು ಗೆಲ್ಲುತ್ತದೆ. ನಮ್ಮ ರೀಪ್ಲೇಗಳಲ್ಲಿ ಕೂದಲೆಳೆಯಷ್ಟರಲ್ಲಿ ತಪ್ಪುತ್ತಿತ್ತಲ್ಲ, ಆ ಕೂದಲೆಳೆ ಈ 0.07.

ಕೊನೇ ಗಳಿಗೆಯ ಫ್ಲಿಪ್ ಈ ಲೆಕ್ಕದಲ್ಲಿಲ್ಲ. ಮುಂದಕ್ಕೆ ಫ್ಲಿಪ್ ಮಾಡಿದರೆ 500 ವೇಗ ಸೇರುತ್ತದೆ, ಬೂಸ್ಟ್ ಖರ್ಚಿಲ್ಲ. ಅದರಿಂದ ಎರಡನೇ ಸಾಲಿನ ಕಾರು ಕೆಲವೊಮ್ಮೆ ಬದುಕಿಕೊಳ್ಳುತ್ತದೆ. ಆದರೆ ಫ್ಲಿಪ್ ಶುರುವಾದ ಮೇಲೆ ಚಕ್ರ ನೆಲಕ್ಕೆ ಬರುವ ತನಕ ದಾರಿ ಬದಲಾಯಿಸುವುದು ಕಷ್ಟ. ಹೊಡೆದವನ ಜೊತೆಗಾರ ಬಂದು ಮತ್ತೆ ಹೊಡೆದರೆ ಗೋಲು ಖಾಲಿ.

ಇದಕ್ಕೆ ಒಂದು ಸಹಜ ಆಕ್ಷೇಪ ಇದೆ. ಓಡುತ್ತಾ ಬಂದರೆ, ಚೆಂಡು ಇನ್ನೊಂದು ಕಡೆಗೆ ಬಂದಾಗ ಏನು ಗತಿ? ಅದಕ್ಕೆ ಉತ್ತರ ಹಂತ 3ರ ಬ್ರೇಕ್. ನಿಲ್ಲಲು 284 ಯೂನಿಟ್, 0.4 ಸೆಕೆಂಡು. ಓಟ ಶುರು ಮಾಡಿದ್ದು ದೂರದ ಪೋಸ್ಟ್‌ನಿಂದಲೇ ಆಗಿದ್ದರೆ, ನಿಂತಾಗಲೂ ಕಾರು ಆ ಪೋಸ್ಟ್‌ಗೇ ಹತ್ತಿರ ಇರುತ್ತದೆ. ದೂರದ ಪೋಸ್ಟ್‌ನಿಂದ ಒಳಗೆ ಬಾ ಅಂತ ಅನುಭವಿಗಳು ಹೇಳುತ್ತಲೇ ಇರುತ್ತಾರೆ. ಅದರ ಹಿಂದಿನ ಲೆಕ್ಕ ಇದು: ಆಟ, ಚೆಂಡು, ಹೊಡೆಯುವ ಕಾರು ಎಲ್ಲ ಮುಂದಿರುತ್ತವೆ, ಕಾರು ಆಗಲೇ ಆ ಕಡೆಗೆ ಓಡುತ್ತಿರುತ್ತದೆ. ಹತ್ತಿರದ ಪೋಸ್ಟ್‌ನಿಂದ ಬಂದ ಕಾರಿಗೆ ಚೆಂಡು ಬೆನ್ನ ಹಿಂದೆ ಉಳಿಯುತ್ತದೆ, ತಿರುಗಲು 1.4 ಸೆಕೆಂಡು ಬೇಕು. 1.26ರಲ್ಲಿ ಚೆಂಡು ಒಳಗಿರುತ್ತದೆ.

ಹಂತ 8: ಬೂಸ್ಟ್ ಹುಡುಕುವ ದಾರಿ

ಮೇಲಿನ ಪಟ್ಟಿಯ 36 ಅನ್ನೋ ಅಂಕಿ ನನ್ನ ತಲೆಯಲ್ಲಿ ಕೂತಿತು. ಮೈದಾನದಲ್ಲಿ, ಮೇಲೆ ಹಾದರೆ ಬೂಸ್ಟ್ ಕೊಡುವ ಪ್ಯಾಡ್‌ಗಳು ಒಟ್ಟು 34. ಆರು ದೊಡ್ಡವು, ಟ್ಯಾಂಕ್ ಪೂರ್ತಿ ತುಂಬುತ್ತವೆ, ಹತ್ತು ಸೆಕೆಂಡಿಗೊಮ್ಮೆ ಮರಳಿ ಬರುತ್ತವೆ. ಉಳಿದ 28 ಚಿಕ್ಕವು, ತಲಾ 12 ಬೂಸ್ಟ್, ನಾಲ್ಕು ಸೆಕೆಂಡಿಗೊಮ್ಮೆ ಬರುತ್ತವೆ. ಮೂರು ಚಿಕ್ಕ ಪ್ಯಾಡ್ ಅಂದರೆ 36. ಸರಿಯಾಗಿ ಅಷ್ಟೇ!

ಗೋಲಿನ ನಡುವಿನಿಂದ ಮೂಲೆಯ ದೊಡ್ಡ ಪ್ಯಾಡ್‌ಗೆ ಸುಮಾರು 3240 ಯೂನಿಟ್. 1410ರಲ್ಲಿ ಹೋಗಿ ಬಂದರೆ 4.6 ಸೆಕೆಂಡು, ಅದೂ ತಿರುಗುವ ಸಮಯ ಬಿಟ್ಟು. ಅಷ್ಟು ಹೊತ್ತು ಗೋಲು ಖಾಲಿ. ಇದರ ಬದಲು ಮುಂದಿನಿಂದ ಹಿಂದಕ್ಕೆ ಬರುವಾಗಲೇ ಚಿಕ್ಕ ಪ್ಯಾಡ್‌ಗಳ ಮೇಲೆ ಹಾದು ಬಂದರೆ? ಗೋಲಿನಿಂದ ಗೋಲಿಗೆ ಎಳೆದ ನಡುಗೆರೆಯ ಮೇಲೆ, ನಮ್ಮ ಗೋಲಿನ ಗೆರೆಯಿಂದ 2304 ಯೂನಿಟ್ ಮುಂದೆ ಒಂದಿದೆ. ಅಲ್ಲಿಂದ ಓರೆಯಾಗಿ ಹೊರಕ್ಕೆ 1060 ಯೂನಿಟ್ ದೂರದಲ್ಲಿ ಎರಡನೆಯದು. ಅಲ್ಲಿಂದ ಅದೇ ಕಡೆಗೆ 1220 ಹೋದರೆ ಮೂರನೆಯದು, ದೂರದ ಪೋಸ್ಟ್‌ಗಿಂತ ಹೊರಗೆ. ಅಲ್ಲಿಂದ ಪೋಸ್ಟ್‌ಗೆ 1300. ಒಟ್ಟು 3580 ಯೂನಿಟ್, ದಾರಿಯುದ್ದಕ್ಕೂ ವೇಗ ಕಮ್ಮಿ ಮಾಡುವ ಅಗತ್ಯ ಹೆಚ್ಚಿಲ್ಲ. ಕೊನೆಯಲ್ಲಿ ಸುಮಾರು 45 ಡಿಗ್ರಿ ತಿರುಗಿದರೆ ಕಾರು ಗೋಲಿನ ಗೆರೆಗೆ ಉದ್ದಕ್ಕೂ ಮುಖ ಮಾಡಿರುತ್ತದೆ, ಕೈಯಲ್ಲಿ 36 ಬೂಸ್ಟ್. ಏಳನೇ ಹಂತದಲ್ಲಿ ಗೆದ್ದ ಕಾರು ಇದೇ ಅಲ್ವಾ!

ಈ ದಾರಿಯನ್ನು ಒಬ್ಬರೇ ಅಭ್ಯಾಸ ಮಾಡುವ ಫ್ರೀ ಪ್ಲೇನಲ್ಲಿ ಕಣ್ಣು ಪ್ಯಾಡ್ ಹುಡುಕದೆ ಚೆಂಡಿನ ಮೇಲೇ ಇರುವ ತನಕ ಓಡಿಸಿದೆ. ಆಮೇಲೆ ಮ್ಯಾಚ್‌ನಲ್ಲಿ ಜೊತೆಗಾರನೂ ನಾನೂ ಇದನ್ನೇ ಪಾಳಿಯಲ್ಲಿ ಮಾಡಿದೆವು. ಒಬ್ಬರು ಚೆಂಡಿನ ಮೇಲೆ ಹೋದರೆ ಇನ್ನೊಬ್ಬರು ಈ ಓರೆ ದಾರಿಯಲ್ಲಿ ಹಿಂದೆ. ಮುಂದಿದ್ದವರು ವಾಪಸ್ ಬರುವ ಹೊತ್ತಿಗೆ ಹಿಂದಿದ್ದವರು ವೇಗದಲ್ಲೇ ಗೋಲಿನ ಮುಂದಿನಿಂದ ಹೊರಬರುತ್ತಾರೆ. ನಿಲ್ಲುವ ಪ್ರಸಂಗವೇ ಕಮ್ಮಿಯಾಯಿತು. ಹತ್ತಿರದ ಪೋಸ್ಟ್‌ನ ಗೋಲುಗಳು ಇಳಿದವು. ಅದರ ಜಾಗಕ್ಕೆ ಈಗ ಹೊಸ ತಲೆನೋವು ಬಂದಿದೆ: ಎದುರಾಳಿ ಹೊಡೆದಂತೆ ಮಾಡಿ ತಡೆದು ಹಿಡಿದರೆ ನಮ್ಮ ಡಿಫೆಂಡರ್ ಗೋಲಿನ ನಡುವನ್ನು ದಾಟಿ ಹೋಗಿರುತ್ತದೆ. 700ರ ಸಾಲು ಉಪಯೋಗಕ್ಕೆ ಬರುವುದು ಅಲ್ಲಿ. ಎದುರಾಳಿ ಚೆಂಡನ್ನು ತಲೆಯ ಮೇಲಿಟ್ಟು ಡ್ರಿಬ್ಲ್ ಮಾಡುತ್ತಾ ಬರುತ್ತಿದ್ದರೆ 1410ರಲ್ಲಿ ನುಗ್ಗುವುದಕ್ಕಿಂತ 700ರಲ್ಲಿ ಬಂದು 36 ಬೂಸ್ಟ್ ಉಳಿಸಿಕೊಳ್ಳುವುದು ಮೇಲು. 700ರಿಂದ ನಿಲ್ಲಲು 0.2 ಸೆಕೆಂಡು, 70 ಯೂನಿಟ್ ಸಾಕು.

ಹಂತ 9: ಇನ್ನೂ ಮುಗಿಯದ್ದು

ಪವರ್‌ಸ್ಲೈಡ್ ನನ್ನ ಸಿಮ್ಯುಲೇಟರ್‌ನಲ್ಲಿ ಸರಿ ಕೂತಿಲ್ಲ. ಹ್ಯಾಂಡ್‌ಬ್ರೇಕ್ ಒತ್ತಿದಾಗ ಪಕ್ಕದ ಹಿಡಿತ ಒಂದೇ ಸಲಕ್ಕೆ ಬಿಡುವುದಿಲ್ಲ, ಮೆಲ್ಲಗೆ ಸಡಿಲವಾಗುತ್ತದೆ, ಬಿಟ್ಟಾಗ ಮೆಲ್ಲಗೆ ಮರಳುತ್ತದೆ. ನಾನು ಮೊದಲು ಅದನ್ನು ಸ್ವಿಚ್ ಥರ ಬರೆದಿದ್ದೆ, ಕಾರು ಬುಗುರಿಯಾಯಿತು. ಈಗ ಚಕ್ರಗಳನ್ನು ನಾಲ್ಕಾಗಿ ಬಿಡಿಸಿ ಬರೆಯಬೇಕಾಗಿದೆ. ಇದು ಮುಗಿದರೆ ಹತ್ತಿರದ ಪೋಸ್ಟ್‌ನಿಂದ ಬಂದ ಕಾರಿನ 1.4 ಸೆಕೆಂಡು ಎಷ್ಟಕ್ಕೆ ಇಳಿಯುತ್ತದೆ ಅಂತ ಗೊತ್ತಾಗುತ್ತದೆ. 1.26ರ ಕೆಳಗೆ ಬಂದರೆ ಏಳನೇ ಹಂತದ ಕೊನೆಯ ಮಾತನ್ನು ತಿದ್ದಬೇಕು.

ಅಳತೆ ಶುರುವಾಗಿದೆ. ಆರ್‌ಎಲ್‌ಬಾಟ್‌ನಲ್ಲಿ ಕಾರನ್ನು ಹತ್ತಿರದ ಪೋಸ್ಟ್ ಬಳಿ 1410 ವೇಗದಲ್ಲಿ ಇಡುತ್ತೇನೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹ್ಯಾಂಡ್‌ಬ್ರೇಕ್ ಅನ್ನು 12 ಟಿಕ್, 24 ಟಿಕ್, 36 ಟಿಕ್ ಹಿಡಿದು ಬಿಡುತ್ತೇನೆ. ಪ್ರತಿ ಓಟಕ್ಕೂ ಎರಡು ಅಂಕಿ ಬರೆದಿಡುತ್ತಿದ್ದೇನೆ: ಮುಖ ಪೂರ್ತಿ ತಿರುಗಿದ ಟಿಕ್ ಯಾವುದು, ಆ ಟಿಕ್‌ನಲ್ಲಿ ಉಳಿದ ವೇಗ ಎಷ್ಟು.